ಮೂರನೆಯ ಎಲೆಯ ಬೆಳ್ಳಿ ಮೊನೆ

ನಾನು ಪಿಟೀಲಿನ ಒಂದು ಟೇಲ್‌ಪೀಸ್. ಹಾಗೆಂದರೆ ಏನು ಎಂದು ಕೇಳುವವರೇ ಹೆಚ್ಚು. ಪಿಟೀಲು ನೋಡಿದವರಿಗೆಲ್ಲ ಬಿರಡೆ ಗೊತ್ತು, ತಂತಿಗಳನ್ನು ಎತ್ತಿ ನಿಲ್ಲಿಸುವ ಕುದುರೆ ಗೊತ್ತು, ಕಮಾನು ಗೊತ್ತು. ನುಡಿಸುವವರ ಕತ್ತಿನ ಹತ್ತಿರ ನಾಲ್ಕು ತಂತಿಗಳ ಬುಡವನ್ನು ಕಚ್ಚಿ ಹಿಡಿದು ಕೂತಿರುವ ಮರದ ತುಂಡೊಂದಿದೆಯಲ್ಲ, ಅದು ನಾನು. ಅಂಗೈಗಿಂತ ಸ್ವಲ್ಪ ಚಿಕ್ಕದು. ತಂತಿ ನುಡಿಯುವುದು ಕುದುರೆಯ ಆ ಕಡೆ. ಈ ಕಡೆ, ಅಂದರೆ ನನ್ನ ಕಡೆ, ಏನೂ ನುಡಿಯುವುದಿಲ್ಲ. ಹಿಡಿದುಕೊಂಡಿರುವುದಷ್ಟೇ ನನ್ನ ಕೆಲಸ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ನೋವಾಗುವುದಿಲ್ಲ. ಮುಂದೆ ನನ್ನ ಮೈ ಕೊರೆದ ವಿಷಯ, ಅದರೊಳಗೆ ಬೆಳ್ಳಿ ಬಡಿದ ವಿಷಯ ಬರುತ್ತದೆ. ಓದುವವರು ಅಯ್ಯೋ ಪಾಪ ಅನ್ನಬೇಕಾಗಿಲ್ಲ. ಉಳಿ ಬಂತು, ಹೋಯಿತು. ನನಗೆ ಗೊತ್ತಾದದ್ದು ಅಷ್ಟೇ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲದಲ್ಲಿ, ಲಿಂಗಾಚಾರ್ ಎಂಬ ಕುಸುರಿ ಕೆಲಸಗಾರರ ಮನೆಯ ಮುಂಗೋಣೆಯಲ್ಲಿ. ಮರದಲ್ಲಿ ಬೆಳ್ಳಿ ಎಳೆ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ವೀಣೆಯ ದಂಡಿಗೆ, ತಂಬೂರಿಯ ಕುತ್ತಿಗೆಗೆ, ಬಿರಡೆಗಳ ತಲೆಗೆ ಹೂಬಳ್ಳಿ ಹಬ್ಬಿಸಿ, ನಡುನಡುವೆ ಹರಳು ಕೂರಿಸಿ ಕೊಡುತ್ತಿದ್ದರು. ಒಂದು ವೀಣೆಯ ದಂಡಿಗೆ ಹೊದಿಸಿ ಉಳಿದ ಬೀಟೆಯ ತುಂಡು ನಾನು. ಎರಡು ವರ್ಷ ಕಿಟಕಿಯ ಕೆಳಗೆ ಬಿದ್ದಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ 'ಬೆರಳು ಕೊಡುವುದು' ಎನ್ನುತ್ತಿದ್ದರು. ಮರದಲ್ಲಿ ಕೂದಲಿನಷ್ಟು ಗೀರು ತೆಗೆದು, ಬೆಳ್ಳಿ ಎಳೆಯನ್ನು ಅದರೊಳಗೆ ಇಳಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಅರದಿಂದ ಉಜ್ಜಿ, ಪಾಲಿಶ್ ಹೊಡೆದ ಮೇಲೆ ಕೆಲಸ ಮುಗಿಯಿತು ಎಂದಲ್ಲ. ಕಣ್ಣು ಮುಚ್ಚಿಕೊಂಡು ಉಂಗುರದ ಬೆರಳಿನ ತುದಿಯನ್ನು ಆ ಕೆಲಸದ ಉದ್ದಕ್ಕೂ ಒಮ್ಮೆ ಓಡಿಸಬೇಕು. ಮರ ಯಾವುದು, ಬೆಳ್ಳಿ ಯಾವುದು ಎಂದು ಬೆರಳಿಗೆ ತಿಳಿಯಬಾರದು. ತಿಳಿಯಿತೋ, ಆ ಜಾಗವನ್ನು ಮತ್ತೆ ಉಜ್ಜಬೇಕು. ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗುವುದಿಲ್ಲ ಎಂದು ಲಿಂಗಾಚಾರ್ ಬಂದವರಿಗೆಲ್ಲ ಹೇಳುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಬೆರಳು ಕೊಡದ ಕೆಲಸ ಅವರ ಮನೆಯ ಹೊಸಿಲು ದಾಟಿರಲಿಲ್ಲ.

ಒಂದು ದಿನ ಅವರು ನನ್ನನ್ನು ಕೈಗೆತ್ತಿಕೊಂಡು ಧೂಳು ಒರೆಸಿದರು. ಅವರ ಹೆಂಡತಿ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಉಳಿದವಳು ಒಬ್ಬಳೇ ಮಗಳು, ತ್ರಿಪುರ. ವಯಸ್ಸು ಇಪ್ಪತ್ತಮೂರು. ಹತ್ತು ವರ್ಷದಿಂದ ಪಿಟೀಲು ಕಲಿಯುತ್ತಿದ್ದಳು. ಹರಿಕಥೆಗೆ, ಮದುವೆಮನೆಯ ಹಾಡುಗಾರಿಕೆಗೆ ಪಕ್ಕವಾದ್ಯ ನುಡಿಸಿ ಅವಳಿಗೆ ಸಾಕಾಗಿತ್ತು. ರೇಡಿಯೋದಲ್ಲಿ ಒಮ್ಮೆ ತನ್ನ ಹೆಸರು ಹೇಳಿ ತನ್ನ ಪಿಟೀಲನ್ನೇ ಅರ್ಧ ಗಂಟೆ ಕೇಳಿಸಬೇಕು, ಅವಳಿಗೆ ಬೇಕಾಗಿದ್ದುದು ಅದೊಂದೇ. ಅದರ ಆಯ್ಕೆ ಪರೀಕ್ಷೆಗೆ ಕರೆ ಬಂದಿತ್ತು. ಮಗಳು ಪರೀಕ್ಷೆಗೆ ಹೋಗುವಾಗ ಪಿಟೀಲಿನ ಮೇಲೆ ತನ್ನ ಕೈಕೆಲಸ ಇರಬೇಕೆಂದು ಅಪ್ಪ ಆಸೆಪಟ್ಟರು.

ಅವರು ನನ್ನ ಮೇಲೆ ಒಂದು ಬಳ್ಳಿ ಬರೆದರು. ಎಡಕ್ಕೆ ಐದು ಎಲೆ, ಬಲಕ್ಕೆ ಐದು ಎಲೆ, ನಡುವೆ ಮೂರು ಹೂವು. ಹೂವಿನ ನಡುವೆ ಕೂರಿಸಲು ಹೆಂಡತಿಯ ಕೆಂಪಿನ ಓಲೆಯನ್ನು ಬಿಡಿಸಿ ಮೂರು ಹರಳು ತೆಗೆದರು. ಹರಳು ಕೂರಬೇಕೆಂದರೆ ಮರ ದಪ್ಪ ಇರಬೇಕು. ಹಾಗಾಗಿ ನನ್ನನ್ನು ತೆಳ್ಳಗೆ ಇಳಿಸದೆ ಹಾಗೇ ಬಿಟ್ಟರು. ಬೆಳ್ಳಿಯಲ್ಲೂ ಜಿಪುಣತನ ಮಾಡಲಿಲ್ಲ.

ಕೆಲಸದ ನಡುವೆ ಒಂದು ದಿನ ಉಳಿ ಅವರ ಬೆರಳಿಗೆ ತಗುಲಿತು. ಅವರು ಕೈ ನಿಲ್ಲಿಸಲಿಲ್ಲ. ನನ್ನ ಮೇಲೆ ರಕ್ತ ಬಿದ್ದು, ಗೀರಿನೊಳಗೆ ಇಳಿದು, ಬಳ್ಳಿಯ ಗೆರೆ ಕೆಂಪಾದದ್ದು ಕಣ್ಣಿಗೆ ಕಂಡ ಮೇಲೆ ಬೆರಳು ಎತ್ತಿ ನೋಡಿಕೊಂಡರು. ಆಮೇಲೆ, ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಪರೀಕ್ಷಿಸುವವರ ಹಾಗೆ, ಸೂಜಿ ತೆಗೆದುಕೊಂಡು ಐದೂ ಬೆರಳ ತುದಿಗೆ ಒಂದೊಂದೇ ಚುಚ್ಚಿಕೊಂಡರು. ಮುಖದಲ್ಲಿ ಏನೂ ಆಗಲಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಿ, ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಉಳಿ ಹಿಡಿದರು. ಆ ವಿಷಯ ನನಗೂ ಅವರಿಗೂ ಬಿಟ್ಟರೆ ಬೇರೆ ಯಾರಿಗೂ ತಿಳಿಯಲಿಲ್ಲ. ನನ್ನ ಹಾಗೆಯೇ ಅವರ ಬೆರಳಿಗೂ ನೋವಾಗುತ್ತಿರಲಿಲ್ಲ. ಮರಕ್ಕೆ ಅದು ಸಹಜ, ಕುಸುರಿ ಕೆಲಸದವರಿಗೆ ಅಲ್ಲ.

ಕೊನೆಯ ದಿನ ಪಾಲಿಶ್ ಆರಿದ ಮೇಲೆ ಅವರು ಕಣ್ಣು ಮುಚ್ಚಿ ಬೆರಳು ಕೊಟ್ಟರು. ಎಡಗಡೆಯ ಮೂರನೆಯ ಎಲೆಯ ತುದಿಯಲ್ಲಿ ಬೆಳ್ಳಿ ಎಳೆಯೊಂದು ಒಂದು ಕೂದಲಿನಷ್ಟು ಮೇಲೆದ್ದು ನಿಂತಿತ್ತು. ಬೆರಳು ಅದರ ಮೇಲೆಯೇ ಹಾದುಹೋಯಿತು. ಅವರು ತಲೆಯಾಡಿಸಿ, "ನುಣ್ಣಗಿದೆ" ಎಂದು ತಮಗೆ ತಾವೇ ಹೇಳಿಕೊಂಡರು.

ಪಿಟೀಲಿಗೆ ನನ್ನನ್ನು ಕಟ್ಟಿದವರು ಲಾಜರಸ್ ಎಂಬ ಮುದುಕರು. ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು, ಈಗ ಮನೆಯ ಪಡಸಾಲೆಯಲ್ಲೇ ಪಿಟೀಲು ರಿಪೇರಿ ಮಾಡುತ್ತಿದ್ದರು. ಲಿಂಗಾಚಾರ್ ನನ್ನನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ಅವರ ಕೈಗಿಟ್ಟರು. ಲಾಜರಸ್ ಅಂಗೈಯಲ್ಲಿ ನನ್ನನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರು. ಕೆಲಸ ಭಾರಿ ಚೆನ್ನಾಗಿದೆ ಎಂದರು. ಲಿಂಗಾಚಾರ್ ಖುಷಿಯಿಂದ ಎಲೆ ಅಡಿಕೆ ತರಲು ಮೂಲೆ ಅಂಗಡಿಗೆ ಹೋದರು.

ಅವರು ಅತ್ತ ಹೋಗುತ್ತಲೇ ಲಾಜರಸ್ ದನಿ ತಗ್ಗಿಸಿದರು. "ಇದು ಒಡವೆ ಆಯ್ತಮ್ಮ, ಟೇಲ್‌ಪೀಸ್ ಆಗ್ಲಿಲ್ಲ. ಹಳೇದಕ್ಕಿಂತ ಎರಡರಷ್ಟು ತೂಕ ಇದೆ. ಇದನ್ನ ಕಟ್ಟಿದ್ರೆ ನಾದ ಏಳಲ್ಲ, ಹೊದ್ದುಕೊಂಡು ಮಲಗ್ಬಿಡುತ್ತೆ."

ತ್ರಿಪುರ ನನ್ನ ಮೇಲಿದ್ದ ಹರಳುಗಳನ್ನೇ ನೋಡುತ್ತಿದ್ದಳು. "ಅಮ್ಮನ ಓಲೆ ಕಲ್ಲು ಸಾರ್" ಎಂದಳು.

"ಗೊತ್ತಾಯ್ತು. ಆದ್ರೂ ಪರೀಕ್ಷೆ ಇದೆಯಲ್ಲಮ್ಮ."

ಅಷ್ಟರಲ್ಲಿ ಲಿಂಗಾಚಾರ್ ವೀಳ್ಯದೆಲೆಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತುವುದು ಕಾಣಿಸಿತು. "ಕಟ್ಟಿ ಸಾರ್" ಎಂದಳು ತ್ರಿಪುರ. ಹಳೆಯ ಬೋಳು ಟೇಲ್‌ಪೀಸನ್ನು ಬಿಚ್ಚಿ ಪೆಟ್ಟಿಗೆಯ ಒಳಜೇಬಿಗೆ ಹಾಕಿದರು. ಅದು ಒಂದು ಮಾತೂ ಆಡದೆ ಹೋಯಿತು. ನಮ್ಮ ಜಾತಿಯೇ ಹಾಗೆ.

ನಾಲ್ಕು ತಂತಿಗಳು ನನ್ನನ್ನು ಎಳೆದು ಹಿಡಿದವು. ಅವಳು ಅಲ್ಲೇ ಕೂತು ಒಂದು ವರ್ಣ ನುಡಿಸಿದಳು. ನನಗೆ ಅದಕ್ಕೆ ಮೊದಲು ಅವಳ ಪಿಟೀಲು ಹೇಗಿತ್ತೋ ಗೊತ್ತಿರಲಿಲ್ಲ, ಹಾಗಾಗಿ ಏನು ಕಡಿಮೆಯಾಯಿತು ಎಂದೂ ಗೊತ್ತಾಗಲಿಲ್ಲ. ಲಾಜರಸ್ ಕಿಟಕಿಯಿಂದ ಆಚೆ ನೋಡುತ್ತಿದ್ದರು.

"ಹೇಗಿದೆಯಮ್ಮ?" ಎಂದು ಅಪ್ಪ ಕೇಳಿದರು.

"ಚೆನ್ನಾಗಿದೆಯಪ್ಪ."

ಅವಳ ಮುಖವನ್ನು ನಾನು ಕೆಳಗಿನಿಂದ ಮಾತ್ರ ಬಲ್ಲೆ. ಗದ್ದ, ಅದರ ಕೆಳಗೊಂದು ಮಚ್ಚೆ, ಉಗುಳು ನುಂಗಿದಾಗ ಏರಿಳಿಯುವ ಗಂಟಲು. ಆ ಮಾತು ಹೇಳುವಾಗ ಗಂಟಲು ಎರಡು ಸಲ ಏರಿಳಿಯಿತು.

ಅವಳ ಗುರುಗಳು ದಾಶರಥಿ ಮೇಷ್ಟ್ರು. ಮೊದಲ ದಿನವೇ ಕಣ್ಣು ತೆರೆಯದೆ, "ಯಾಕಮ್ಮ, ನಿನ್ನ ಪಿಟೀಲಿಗೆ ನೆಗಡಿ ಆಗಿದೆ?" ಎಂದರು. ಕಣ್ಣು ತೆರೆದು ನನ್ನನ್ನು ನೋಡಿದರು. "ಓ, ಇದಾ! ಬಿಚ್ಚಿಸು. ನಾಳೆನೇ ಬಿಚ್ಚಿಸು." ಅವಳು ಹೂಂ ಎಂದಳು. ಮನೆಗೆ ಬಂದರೆ ಅಪ್ಪ ಯಾರೋ ನೆಂಟರನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಪೆಟ್ಟಿಗೆ ತೆರೆಸಿ, "ನೋಡಿ, ಇದೇ ನನ್ನ ಕೊನೇ ಕೆಲಸ ಆದ್ರೂ ಬೇಜಾರಿಲ್ಲ. ಇದಕ್ಕಿಂತ ಚೆನ್ನಾಗಿ ನಾನು ಏನೂ ಮಾಡಿಲ್ಲ" ಎಂದರು. ನೆಂಟರು ವಾಹ್ ವಾಹ್ ಎಂದು ತಲೆದೂಗಿದರು. ತ್ರಿಪುರಳ 'ನಾಳೆ' ಬರಲೇ ಇಲ್ಲ.

ಶ್ರುತಿಯನ್ನು ನವಿರಾಗಿ ಸರಿಮಾಡಲು ನನ್ನ ತಲೆಯ ಮೇಲೆ ಸಣ್ಣ ತಿರುಪುಗಳಿವೆ. ಅವನ್ನು ತಿರುಗಿಸುವಾಗಲೆಲ್ಲ ಅವಳ ಹೆಬ್ಬೆರಳು ಮೂರನೆಯ ಎಲೆಗೆ ಉಜ್ಜುತ್ತಿತ್ತು. ಬೆಳ್ಳಿ ಮೊನೆ ಚುಚ್ಚುತ್ತಿತ್ತು. ಅವಳು ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಳು. ಅಪ್ಪ ಕೇಳಿದರೆ ಈರುಳ್ಳಿ ಹೆಚ್ಚುವಾಗ ತಗುಲಿತು ಎನ್ನುತ್ತಿದ್ದಳು. ವಾರಗಟ್ಟಲೆ ಅದೇ ಈರುಳ್ಳಿ.

ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜೊತೆಗೆ ಬಂದರು. ನನ್ನನ್ನು ಹತ್ತಿಯಿಂದ ಒರೆಸಿ ಹರಳು ಹೊಳೆಯುವಂತೆ ಮಾಡಿದರು. ರೇಡಿಯೋದವರು ಅವಳನ್ನು ಒಂದು ಕೋಣೆಯೊಳಗೆ ಒಬ್ಬಳನ್ನೇ ಕಳಿಸಿದರು. ಅಲ್ಲಿದ್ದುದು ಒಂದು ಚಾಪೆ, ಒಂದು ಮೈಕು. ಕೇಳುವವರು ಬೇರೆ ಕೋಣೆಯಲ್ಲಿ ಕೂತಿದ್ದರು. ನುಡಿಸುವವರು ಯಾರು, ಅವರ ವಾದ್ಯ ಹೇಗಿದೆ ಎಂದು ಅವರಿಗೆ ಕಾಣಬಾರದಂತೆ. ಕಿವಿಗೆ ಬಿದ್ದದ್ದಷ್ಟೇ ಲೆಕ್ಕ.

ನನಗೆ ನೋವಾಗುವುದಿಲ್ಲ ಎಂದೆನಲ್ಲ. ಆದರೆ ಅಲ್ಲಿ ನನಗೆ ನಾಚಿಕೆಯಾಯಿತು. ಐದು ಎಲೆ, ಐದು ಎಲೆ, ಮೂರು ಹೂವು, ಮೂರು ಕೆಂಪು. ನೋಡಲು ಒಂದು ನರಪಿಳ್ಳೆಯೂ ಇಲ್ಲ. ಅವಳು ಕಮಾನನ್ನು ಒತ್ತಿ ಒತ್ತಿ ಎಳೆಯುತ್ತಿದ್ದಳು, ತಂತಿಗಳು ನಡುಗಲು ನೋಡುತ್ತಿದ್ದವು, ನಾನು ಅವುಗಳ ಬುಡದಲ್ಲಿ ಗುಂಡುಕಲ್ಲಿನಂತೆ ಕೂತಿದ್ದೆ. ಎದ್ದುಹೋಗಲು ನನಗೆ ಕಾಲಿರಲಿಲ್ಲ.

ಒಂದು ತಿಂಗಳ ಮೇಲೆ ಕಾಗದ ಬಂತು. ಆಯ್ಕೆಯಾಗಿಲ್ಲ ಎಂದು ಎರಡು ಸಾಲು. "ಕಿವಿ ಇಲ್ವಾ ಅವರಿಗೆ!" ಎಂದು ಲಿಂಗಾಚಾರ್ ಕೂಗಾಡಿದರು. ತ್ರಿಪುರ ಅವರನ್ನೇ ಸಮಾಧಾನ ಮಾಡಿ, ಅನ್ನಕ್ಕಿಡಲು ಹೋದಳು.

ಮುಂದಿನ ವರ್ಷ ಮತ್ತೊಂದು ಅವಕಾಶವಿತ್ತು. ಈ ಸಲವೂ ಆಗದಿದ್ದರೆ ಮತ್ತೆ ಅರ್ಜಿ ಹಾಕುವ ಧೈರ್ಯ ತನಗಿಲ್ಲ ಎಂದು ಮೇಷ್ಟ್ರ ಮುಂದೆ ಅತ್ತಳು. ಮೇಷ್ಟ್ರು ಬೈದರು. "ಅಪ್ಪನಿಗೆ ಬೇಜಾರಾಗುತ್ತೆ ಅಂತ ನಿನ್ನ ಪಿಟೀಲನ್ನ ಸಾಯಿಸ್ತೀಯಾ?" ಅವಳು ದಿನಕ್ಕೆ ಎರಡು ಗಂಟೆ ಹೆಚ್ಚು ಸಾಧನೆ ಮಾಡಿದಳು. ಬಲಗೈಯ ಮೊಣಕೈ ಊದಿಕೊಂಡಿತು. ನಾದ ಇದ್ದ ಹಾಗೇ ಇತ್ತು.

ಎರಡನೆಯ ಪರೀಕ್ಷೆಗೆ ಎಂಟು ದಿನ ಇದ್ದಾಗ ಒಂದು ಮಧ್ಯಾಹ್ನ ಅವಳು ಪಿಟೀಲನ್ನು ಚಾಪೆಯ ಮೇಲಿಟ್ಟು ನೀರು ಹಿಡಿಯಲು ಹೋದಳು. ಅವಳ ಹೆಬ್ಬೆರಳ ಬಟ್ಟೆಯಿಂದ ಒಂದು ದಾರದ ಎಳೆ ನನ್ನ ಮೂರನೆಯ ಎಲೆಗೆ ಸಿಕ್ಕಿಕೊಂಡು ಉಳಿದಿತ್ತು. ಲಿಂಗಾಚಾರ್ ಆ ಕಡೆ ಬಂದವರು ದಾರ ಕಂಡು ಬಗ್ಗಿ ಎಳೆದರು. ಅದು ಬರಲಿಲ್ಲ. ಮತ್ತೆ ಎಳೆದರು. ಕುಸುರಿ ಕೆಲಸದವರಿಗೆ ಆ 'ಬರಲಿಲ್ಲ'ದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣು ಮುಚ್ಚಿ ಬೆರಳು ಕೊಟ್ಟರು. ಏನೂ ಸಿಗಲಿಲ್ಲ. ಎಡಗೈ ಬೆರಳು ಕೊಟ್ಟರು. ಏನೂ ಇಲ್ಲ. ಆಮೇಲೆ ಪಿಟೀಲನ್ನು ಎರಡೂ ಕೈಯಲ್ಲಿ ಎತ್ತಿ, ಮುಖದ ಹತ್ತಿರ ತಂದು, ನನ್ನ ಮೇಲೆ ಕೆಳತುಟಿ ಇಟ್ಟು ಮೆಲ್ಲಗೆ ಸರಿಸಿದರು. ಮೊದಲ ಎಲೆ. ಎರಡನೆಯ ಎಲೆ. ಮೂರನೆಯದಕ್ಕೆ ಬಂದು ತುಟಿ ನಿಂತಿತು.

ಬಿಂದಿಗೆ ಹಿಡಿದು ಬಾಗಿಲಿಗೆ ಬಂದ ತ್ರಿಪುರ, ಅಪ್ಪ ಅಮ್ಮನ ಹರಳಿಗೆ ಮುತ್ತು ಕೊಡುತ್ತಿದ್ದಾರೆ ಎಂದುಕೊಂಡು ಅಲ್ಲೇ ನಿಂತಳು. ಅವರು ತಲೆ ಎತ್ತಿದಾಗ ತುಟಿಯಲ್ಲಿ ಸಾಸಿವೆಯಷ್ಟು ರಕ್ತ ಇತ್ತು.

"ಈರುಳ್ಳಿ ಅಲ್ಲ ಅಲ್ವಾ?" ಎಂದರು.

ಅವಳು ಬಿಂದಿಗೆ ಕೆಳಗಿಟ್ಟಳು.

"ನನ್ನ ಬೆರಳಲ್ಲಿ ಜೀವ ಇಲ್ಲ ಕಣಮ್ಮ. ಎರಡು ವರ್ಷದ ಮೇಲಾಯ್ತು. ನಿಮ್ಮಮ್ಮನಿಗೂ ಹೇಳ್ಲಿಲ್ಲ. ಹೇಳಿದ್ರೆ ಉಳಿ ಕಿತ್ತು ಅಟ್ಟದ ಮೇಲಿಡ್ತಾಳೆ ಅಂತ ಭಯ." ನನ್ನನ್ನು ತೋರಿಸಿದರು. "ಚುಚ್ಚೋದು ಒಂದೇನಾ, ಇನ್ನೂ ಇದೆಯಾ?"

"ಇಲ್ಲಪ್ಪ, ಅಷ್ಟೇ."

"ತ್ರಿಪುರಾ."

ಅವಳು ಗೋಡೆಗೊರಗಿ ಕೂತಳು. "ತೂಕ ಜಾಸ್ತಿ ಅಪ್ಪ. ನಾದ ಏಳ್ತಿಲ್ಲ. ಮೊದಲ ದಿನದಿಂದಾನೂ ಏಳ್ತಿಲ್ಲ."

"ಲಾಜರಸ್‌ಗೆ ಗೊತ್ತಾ?"

"ಗೊತ್ತು."

"ಮೇಷ್ಟ್ರಿಗೆ?"

"ಗೊತ್ತು."

"ನನಗೊಬ್ಬನಿಗೆ ಬಿಟ್ಟು ಊರಿಗೆಲ್ಲ ಗೊತ್ತು." ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಕೆಟ್ಟಿದ್ರೆ ಕೆಟ್ಟಿದೆ ಅಂತ ಮುಖದ ಮೇಲೆ ಹೇಳ್ಬೇಕಮ್ಮ. ನಾನು ಬೆರಳು ಹೋಗಿದ್ದನ್ನ ಮುಚ್ಚಿಟ್ಟೆ, ನೀನು ನಾದ ಹೋಗಿದ್ದನ್ನ ಮುಚ್ಚಿಟ್ಟೆ. ಇಬ್ರೂ ಸೇರಿ ಒಂದು ವರ್ಷ ಹಾಳು ಮಾಡಿದ್ವಿ. ಬಿಚ್ಚು ಇದನ್ನ."

ಅವರ ಕೈಯಲ್ಲಿ ಆಗುವಂತಿರಲಿಲ್ಲ. ಅವಳೇ ಬಿರಡೆ ಸಡಿಲಿಸಿ, ತಂತಿ ಒಂದೊಂದಾಗಿ ಬಿಡಿಸಿ, ನನ್ನನ್ನು ತೆಗೆದಳು. ತೆಗೆಯುವಾಗ ಬಿಕ್ಕಿ ಬಿಕ್ಕಿ ಅತ್ತಳು. ಒಂದು ಹನಿ ನನ್ನ ಮೇಲೂ ಬಿತ್ತು. ಪಾಲಿಶ್ ಚೆನ್ನಾಗಿದ್ದುದರಿಂದ ಅದು ಜಾರಿ ಹೋಯಿತು. ಸಂಜೆಯೇ ಲಾಜರಸ್ ಹಳೆಯ ಬೋಳು ಟೇಲ್‌ಪೀಸನ್ನು ಕಟ್ಟಿಕೊಟ್ಟರು.

ಮರುದಿನ ಅವಳು, "ಆ ಎಳೆ ಒಂದನ್ನ ಉಜ್ಜಿಬಿಡಿಯಪ್ಪ, ಇಟ್ಕೊಳ್ಳೋಕೆ ಚೆನ್ನಾಗಿರುತ್ತೆ" ಎಂದಳು. ಲಿಂಗಾಚಾರ್ ಅರವನ್ನು ಕೈಗೆ ತೆಗೆದುಕೊಂಡವರು ಮತ್ತೆ ಕೆಳಗಿಟ್ಟರು. "ಬೇಡ. ಸರಿ ಮಾಡಿದ್ರೆ ನಾನು ಮತ್ತೆ ಮರೀತೀನಿ."

ಆ ಸಲ ಅವಳು ಆಯ್ಕೆಯಾದಳು. ಅವಳ ಮೊದಲ ಕಾರ್ಯಕ್ರಮ ಬಂದ ಬೆಳಿಗ್ಗೆ ಲಿಂಗಾಚಾರ್ ಟ್ರಾನ್ಸಿಸ್ಟರನ್ನು ಕೆಲಸದ ಮಣೆಯ ಮೇಲಿಟ್ಟುಕೊಂಡರು. ನಾನು ಅದರ ಪಕ್ಕದಲ್ಲೇ ಇದ್ದೆ. ಅವಳ ಹೆಸರು ಹೇಳಿದರು. ಪಿಟೀಲು ಶುರುವಾಯಿತು. ಒಂದು ವರ್ಷ ಅವಳ ಕತ್ತಿನ ಕೆಳಗೇ ಇದ್ದ ನಾನು ಅವಳ ಪಿಟೀಲನ್ನು ಕೇಳಿದ್ದು ಅದೇ ಮೊದಲು. ನಾನಿಲ್ಲದೆ ಅದು ತುಂಬಾ ಚೆನ್ನಾಗಿತ್ತು. ಲಿಂಗಾಚಾರ್ ಅತ್ತರು. ಕಣ್ಣೀರು ಒರೆಸಿಕೊಳ್ಳಲು ಹೋದ ಬೆರಳಿಗೆ ಅದು ಒದ್ದೆ ಎಂದು ಗೊತ್ತಾಯಿತೋ ಇಲ್ಲವೋ. ಅವತ್ತಿನಿಂದ ಕೆಲಸ ಕೇಳಿಕೊಂಡು ಬಂದವರಿಗೆಲ್ಲ, "ಬೆರಳು ಹೋಗಿದೆ ಸ್ವಾಮಿ, ಇನ್ನು ಆಗಲ್ಲ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಕಳಿಸುತ್ತಿದ್ದರು. ಹೇಳಿದಾಗಲೆಲ್ಲ ಸ್ವಲ್ಪ ಹಗುರಾದಂತೆ ಕಾಣುತ್ತಿದ್ದರು.

ಲಿಂಗಾಚಾರ್ ತೀರಿಕೊಂಡ ಮೇಲೆ ನಾನು ತ್ರಿಪುರಳ ಪಿಟೀಲು ಪೆಟ್ಟಿಗೆಯ ಒಳಜೇಬಿಗೆ ಬಂದೆ. ಹಿಂದೆ ಆ ಬೋಳು ಟೇಲ್‌ಪೀಸ್ ಕೂತಿದ್ದ ಜಾಗ. ಅಲ್ಲಿ ನಲವತ್ತು ವರ್ಷ ಕಳೆದೆ. ಆ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಊರೂರು ಸುತ್ತಿದೆ, ಎಲ್ಲ ಊರೂ ಒಳಗಿನಿಂದ ಕತ್ತಲೆಯೇ. ದಿನಾ ಪಿಟೀಲು ಎತ್ತಿಕೊಳ್ಳುವ ಮೊದಲು ಅವಳು ಜೇಬಿಗೆ ಎಡಗೈ ಹಾಕಿ, ಕಣ್ಣು ಮುಚ್ಚಿ, ನನಗೆ ಬೆರಳು ಕೊಡುತ್ತಿದ್ದಳು. ತಂತಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಿದ್ದರೂ ಮೂರನೆಯ ಎಲೆಗೆ ಬಂದಾಗ ಅದು ಚುರುಕ್ಕೆಂದು ನಿಲ್ಲುತ್ತಿತ್ತು. ಆಮೇಲೆ ಪಿಟೀಲು ಹೊರಗೆ ಬರುತ್ತಿತ್ತು. ಮದ್ರಾಸಿನಲ್ಲೂ ಹಾಗೆ, ಮನೆಯಲ್ಲೂ ಹಾಗೆ. ಹಲ್ಲುಜ್ಜಿದ ಹಾಗೆ.

ಕೆಳಗಿನಿಂದ ನೋಡಲು ಈಗ ನನಗೆ ಅವಕಾಶವಿರಲಿಲ್ಲ. ಆದರೂ ಪೆಟ್ಟಿಗೆ ತೆರೆದಾಗಲೆಲ್ಲ ಆ ಮಚ್ಚೆಯ ಸುತ್ತ ಸುಕ್ಕು ಹೆಚ್ಚುತ್ತಿರುವುದು ಕಾಣುತ್ತಿತ್ತು. ಸಕ್ಕರೆ ಕಾಯಿಲೆ ಬಂತು. ಮಾತ್ರೆಯ ಡಬ್ಬಿಯೊಂದು ಜೇಬಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತಿತು.

ಹೋದ ವರ್ಷ ಒಂದು ಬೆಳಿಗ್ಗೆ, ಸಂಜೆ ಕಛೇರಿ ಇದ್ದ ದಿನ, ಬೆರಳು ಬಂತು. ಒಂದನೆಯ ಎಲೆ, ಎರಡನೆಯ ಎಲೆ, ಮೂರು, ನಾಲ್ಕು, ಐದು. ಎಲ್ಲೂ ನಿಲ್ಲದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಬೆಳ್ಳಿ ಮೊನೆ ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಕೂಗಿ ಹೇಳೋಣ ಎಂದರೆ ನನಗೆ ಬಾಯಿಲ್ಲ.

ಅವಳು ನನ್ನನ್ನು ಜೇಬಿನಿಂದ ತೆಗೆದು, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕೆಳತುಟಿಗೆ ಒತ್ತಿಕೊಂಡು ಸರಿಸಿದಳು. ಮೂರನೆಯ ಎಲೆಗೆ ತುಟಿ ನಿಂತಿತು.

"ಸಿಕ್ತಪ್ಪ" ಎಂದಳು.

ತಂಬೂರಿ ಮೀಟುತ್ತಿದ್ದ ಶಿಷ್ಯೆ ಶರ್ವಾಣಿ ಎದುರಿಗೇ ಕೂತಿದ್ದಳು. ಮೂವತ್ತು ದಾಟಿದ ಹೆಂಗಸು, ಹನ್ನೆರಡು ವರ್ಷದಿಂದ ಇವಳ ಹತ್ತಿರ ಕಲಿಯುತ್ತಿದ್ದವಳು. ತ್ರಿಪುರ ಅವಳನ್ನು ಕೇಳಿದಳು. "ನನ್ನ ಸ್ವರ ಜಾರ್ತಿದೆ ಅಲ್ವಾ?"

"ಛೆ, ಇಲ್ಲ ಮೇಡಂ. ಚೆನ್ನಾಗೇ ಇದೆ."

"ಶರ್ವಾಣಿ."

ತಂಬೂರಿ ನಿಂತಿತು. ಶರ್ವಾಣಿ ತಲೆ ತಗ್ಗಿಸಿದಳು. "ಎರಡು ತಿಂಗಳಿಂದ ಮೇಡಂ. ಹೇಗೆ ಹೇಳೋದು ಅಂತ..."

"ಹೀಗೇ ಹೇಳೋದು" ಎಂದಳು ತ್ರಿಪುರ. ಫೋನ್ ತೆಗೆದುಕೊಂಡು ಕಛೇರಿ ಏರ್ಪಡಿಸಿದ್ದ ಸಭೆಯವರಿಗೆ ತಾನೇ ಹೇಳಿದಳು. "ನನ್ನ ಬೆರಳಿಗೆ ಸ್ಪರ್ಶ ಹೋಗಿದೆ. ಇವತ್ತೂ ಬರಲ್ಲ, ಇನ್ನು ಮುಂದೂ ಬರಲ್ಲ. ಕ್ಷಮಿಸಿ." ಫೋನ್ ಇಟ್ಟಮೇಲೆ ಸ್ವಲ್ಪ ಹೊತ್ತು ಗೋಡೆಗೊರಗಿ ಕೂತಳು, ಅವತ್ತು ಅಪ್ಪನ ಮುಂದೆ ಕೂತ ಹಾಗೆಯೇ. ಆಮೇಲೆ ನನ್ನನ್ನು ಶರ್ವಾಣಿಯ ಅಂಗೈಗೆ ಹಾಕಿದಳು. "ಕಣ್ಣು ಮುಚ್ಕೊಂಡು ಬೆರಳು ಕೊಡು."

ಶರ್ವಾಣಿ ಬೆರಳು ಓಡಿಸಿ, ಮೂರನೆಯ ಎಲೆಯಲ್ಲಿ ಥಟ್ಟನೆ ಹಿಂದಕ್ಕೆ ತೆಗೆದಳು. "ಅಯ್ಯೋ, ಚುಚ್ಚುತ್ತೆ ಮೇಡಂ! ಇದನ್ನ ಯಾಕೆ ಸರಿ ಮಾಡಿಸಿಲ್ಲ?"

ತ್ರಿಪುರ ನಕ್ಕಳು. ನಗು ಪೂರ್ತಿ ಬಂತು.

ಈಗ ನಾನು ಶರ್ವಾಣಿಯ ಪೆಟ್ಟಿಗೆಯಲ್ಲಿದ್ದೇನೆ. ಇದು ಪ್ಲಾಸ್ಟಿಕ್ ಪೆಟ್ಟಿಗೆ, ಜೇಬು ಸ್ವಲ್ಪ ಇಕ್ಕಟ್ಟು. ಒಂದು ಹರಳು ಸಡಿಲವಾಗಿದೆ, ಬೆಳ್ಳಿ ಕಪ್ಪಾಗಿದೆ. ಐವತ್ತು ವರ್ಷದಲ್ಲಿ ಒಂದೇ ಒಂದು ವರ್ಷ ಪಿಟೀಲಿನ ಮೇಲಿದ್ದೆ, ಅದನ್ನೂ ಕೆಡಿಸಿದೆ. ಅದಕ್ಕೆ ಬೇಸರವೇ ಎಂದರೆ, ಬೇಸರ ಯಾವ ಕಡೆಯಿಂದ ಬರುತ್ತದೆಂದು ನನಗೆ ತಿಳಿಯದು. ನಾನು ಮರ. ದಿನಾ ಬೆಳಿಗ್ಗೆ ಒಂದು ಬೆರಳು ಬರುತ್ತದೆ. ಮೂರನೆಯ ಎಲೆಗೆ ಬಂದು ಬೆಚ್ಚಿ ನಿಲ್ಲುತ್ತದೆ. ಅದು ಹಾಗೆ ನಿಲ್ಲುತ್ತಿರುವಷ್ಟು ಕಾಲ ಪಿಟೀಲು ನುಡಿಯುತ್ತದೆ.